ಸಾವಿನ ಮನೆಗೆ ಗೊತ್ತಿರುವ ಮನುಷ್ಯ ಬೇಕು

(ಊರಿನ ಗ್ರಂಥಾಲಯದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯಾವುದರ ಬಗ್ಗೆ ಮಾತನಾಡುತ್ತೀರಿ ಎಂದು ಸಂಘಟಕರು ಫೋನಿನಲ್ಲಿ ಕೇಳಿದಾಗ ‘ಹೆಣದ ಗಾಡಿ ಓಡಿಸುವವರ ಬಗ್ಗೆ’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಸರ್, ದೀಪ ಬೆಳಗುವುದೂ ಇದೆಯಲ್ಲ’ ಎಂದರು. ದೀಪ ಬೆಳಗಿಯಾಯಿತು, ಪ್ರಾರ್ಥನೆಯೂ ಆಯಿತು. ಇನ್ನು ಮೈಲಿಗೆಯ ಭಯ ಯಾರಿಗೂ ಬೇಡ.

ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಊರಿನವರ ಸಾವು ನನ್ನ ಮೇಜಿಗೆ ಕಾಗದವಾಗಿ ಬರುತ್ತಿತ್ತು: ಮರಣ ಪ್ರಮಾಣಪತ್ರ, ವಂಶವೃಕ್ಷ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಅರ್ಜಿ. ಅರ್ಜಿ ಹಿಡಿದು ನಿಂತ ಹೆಂಗಸರ, ಮುದುಕರ ಹಿಂದೆ ಒಬ್ಬ ಮನುಷ್ಯ ಆಗಾಗ ಕಾಣಿಸುತ್ತಿದ್ದರು. ಖಾಕಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಕಚೇರಿಗಳ ಸುತ್ತ ದಲ್ಲಾಳಿಗಳಿಗೆ ಯಾವ ಕಾಲಕ್ಕೂ ಬರವಿಲ್ಲ. ಆದರೆ ಇವರು ಯಾರಿಂದಲೂ ಹಣ ಎಣಿಸಿಕೊಂಡದ್ದನ್ನು ಜವಾನನೂ ನೋಡಿರಲಿಲ್ಲ, ಅವನ ಕಣ್ಣು ತಪ್ಪಿಸಿ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ವಿಚಾರಿಸಿದರೆ, ಆ ಹೆಂಗಸಿನ ಗಂಡನನ್ನು ಸ್ಮಶಾನಕ್ಕೆ ಒಯ್ದ ಗಾಡಿ ಇವರದೇ ಎಂದು ತಿಳಿಯಿತು. ಹೆಣ ಇಳಿಸಿದ ಮೇಲೆ ಗಾಡಿಯವನ ಕೆಲಸ ಮುಗಿಯಬೇಕಲ್ಲವೇ? ಇವರದು ಮುಗಿಯುತ್ತಿರಲಿಲ್ಲ.

ಅವರ ಹೆಸರು ಹೇಳುವುದಿಲ್ಲ. ಹೇಳಕೂಡದೆಂದು ಅವರೇ ಷರತ್ತು ಹಾಕಿದ್ದಾರೆ. ಊರಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ‘ಗಾಡಿಯಣ್ಣ’ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅಘನಾಶಿನಿಗೂ ಗಂಗಾವಳಿಗೂ ನಡುವೆ, ಹೆದ್ದಾರಿ 66ರ ಮಗ್ಗುಲಿನ ಈ ಪೇಟೆಯಲ್ಲಿ ಅವರು ಮೊದಲು ಬಾಡಿಗೆ ಟೆಂಪೋ ಇಟ್ಟುಕೊಂಡಿದ್ದರು. ಬೇಸಿಗೆಯಲ್ಲಿ ಅಳ್ವೆಕೋಡಿಯ ಸಿಹಿ ಈರುಳ್ಳಿ, ಉಳಿದ ಕಾಲದಲ್ಲಿ ಕೆಂಪುಕಲ್ಲು, ಮೀನಿನ ಬುಟ್ಟಿ, ಮದುವೆ ಮನೆಯ ಪಾತ್ರೆ. ನೆರೆಮನೆಯ ಅಜ್ಜಿಯೊಬ್ಬರು ಮಣಿಪಾಲದಲ್ಲಿ ತೀರಿಕೊಂಡಾಗ, ಶವ ತರಲು ಗಾಡಿಯವರು ಕೇಳಿದ ಬಾಡಿಗೆ ಮನೆಯವರ ಕೈಗೆ ಎಟುಕಲಿಲ್ಲ. ಇವರು ಮದುವೆಯ ಪಾತ್ರೆ ಇಳಿಸಿ, ಟೆಂಪೋ ತೊಳೆದು ಹೊರಟರು. ಮದುವೆ ಮನೆಯವರು ಆಮೇಲೆ ಆ ಟೆಂಪೋ ಕರೆಯಲಿಲ್ಲ. ಇನ್ನೂ ಕೆಲವರು ಕರೆಯುವುದನ್ನು ಬಿಟ್ಟರು. ಕೊನೆಗೆ ಅವರೇ ಹಳೆಯ ಆಂಬುಲೆನ್ಸ್ ಒಂದನ್ನು ಕೊಂಡು ಇದೇ ಕಸುಬಿಗೆ ನಿಂತರು. ಸೇವಾ ಮನೋಭಾವದಿಂದ ಬಂದೆ ಎಂದು ಅವರು ಎಲ್ಲಿಯೂ ಹೇಳಿಕೊಂಡಿಲ್ಲ. ‘ಬೇರೆ ಬಾಡಿಗೆ ಸಿಗಲಿಲ್ಲ, ಅದಕ್ಕೆ’ ಎನ್ನುತ್ತಾರೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥವರ ಅಗತ್ಯ ಬೇರೆಡೆಗಿಂತ ಹೆಚ್ಚು ಏಕೆ ಎಂಬುದು ನಿಮಗೆ ಗೊತ್ತಿರುವ ಸಂಗತಿಯೇ. ದೊಡ್ಡ ಕಾಯಿಲೆ ಬಂದರೆ ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಶಿರಸಿಯವರು ಹುಬ್ಬಳ್ಳಿಗೆ, ಕುಮಟೆ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಹುಡುಗರು ಜಾಲತಾಣಗಳಲ್ಲಿ ಕೂಗೆಬ್ಬಿಸಿದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ ಆ ಕೂಗು ಮತ್ತೆ ಎದ್ದಿತು. ಅದೆಲ್ಲ ಬದುಕಿಸುವ ಆಸ್ಪತ್ರೆಯ ಮಾತಾಯಿತು. ಅಲ್ಲಿ ಬದುಕದವರು ಊರಿಗೆ ಮರಳುವ ದಾರಿಯ ಬಗ್ಗೆ ಯಾರೂ ಘೋಷಣೆ ಕೂಗುವುದಿಲ್ಲ. ನೂರು ನೂರೈವತ್ತು ಕಿಲೋಮೀಟರ್ ದೂರದಿಂದ, ರಾತ್ರಿ, ಅಳುವ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬರು ಗಾಡಿ ಓಡಿಸಬೇಕಲ್ಲ.

ಹಿಂದೆ ಈ ಕೆಲಸಕ್ಕೆ ಒಬ್ಬ ಮನುಷ್ಯ ಎಂದು ಇರಲಿಲ್ಲ. ಕೇರಿ ಇತ್ತು. ಸಾವಿನ ಸುದ್ದಿ ಕಿವಿಗೆ ಬೀಳುತ್ತಲೇ ಒಬ್ಬ ಕತ್ತಿ ತೆಗೆದುಕೊಂಡು ಬಿದಿರಿನ ಹಿಂಡಿಲಿಗೆ ಹೋಗುತ್ತಿದ್ದ, ಇಬ್ಬರು ಮಾವಿನ ಮರ ಕಡಿಯಲು, ಒಬ್ಬ ಭಟ್ಟರನ್ನು ಕರೆಯಲು. ಸತ್ತವರ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಪಕ್ಕದ ಮನೆಯಲ್ಲಿ ಗಂಜಿಗೆ ನೀರಿಡುತ್ತಿದ್ದರು. ಯಾರು ಏನು ಮಾಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಆ ಕೇರಿಯನ್ನು ನಾನು ಹೊಗಳಲು ನಿಂತಿಲ್ಲ, ಅದರ ಬಗ್ಗೆ ಮುಂದೆ ಇನ್ನೊಂದು ಮಾತು ಹೇಳುವುದಿದೆ. ಆದರೆ ಕೆಲಸ ಆಗುತ್ತಿತ್ತು. ಈಗ ಅದೇ ಕೇರಿಯಲ್ಲಿ ಮೂರು ಮನೆಗೆ ಬೀಗ, ಎರಡರಲ್ಲಿ ಮುದುಕ ಮುದುಕಿ. ಮಕ್ಕಳು ಬೆಂಗಳೂರು, ಪುಣೆ, ದುಬೈ. ಹೆಗಲು ಕೊಡಲು ನಾಲ್ಕು ಗಂಡಸರು ಸಿಗುವುದಿಲ್ಲ. ಗಾಡಿಯಣ್ಣನ ಮೊಬೈಲಿನಲ್ಲಿ ‘ಹೆಗಲು’ ಎಂದು ಆರಂಭವಾಗುವ ಹೆಸರುಗಳದೇ ಒಂದು ಸಾಲು ಇದೆ: ಹೆಗಲು ಆಟೋ ಸ್ಟ್ಯಾಂಡ್, ಹೆಗಲು ಗ್ಯಾರೇಜ್, ಹೆಗಲು ಬಂದರು. ಬಂದರಿನ ಹುಡುಗರು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಸುಲಭವಾಗಿ ಸಿಗುತ್ತಾರೆ. ಆಗಸ್ಟ್ ಬಂತೆಂದರೆ ಅವರು ಬೋಟಿನ ಮೇಲೆ. ‘ಆಗಸ್ಟ್ ನಂತರ ಸಾಯುವವರಿಗೆ ಸ್ವಲ್ಪ ಕಷ್ಟ’ ಎಂದು ಗಾಡಿಯಣ್ಣ ಮುಖದಲ್ಲಿ ನಗೆಯಿಲ್ಲದೆ ಹೇಳುತ್ತಾರೆ.

ಅವರು ಚಟ್ಟ ಕಟ್ಟುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಉದ್ದನೆಯ ಎರಡು ಹಸಿ ಬಿದಿರು, ಬುಡ ಒಂದೇ ಕಡೆ ಬರುವಂತೆ. ಬುಡದ ಕಡೆ ಭಾರ ತಡೆಯುತ್ತದೆ, ಆದ್ದರಿಂದ ಎದೆ ಮತ್ತು ತಲೆ ಆ ಕಡೆಗೆ. ನಡುವೆ ಅಡ್ಡಪಟ್ಟಿಗಳು, ಸೊಂಟದ ಜಾಗದಲ್ಲಿ ಎರಡು ಒತ್ತೊತ್ತಾಗಿ. ಕಟ್ಟುವುದು ಕತ್ತದ ಹಗ್ಗದಿಂದ, ಅದೂ ನೀರಿನಲ್ಲಿ ಅದ್ದಿ. ನೆನೆದ ಕತ್ತ ಜಾರುವುದಿಲ್ಲ, ಬಿದಿರನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ನೈಲಾನ್ ಹಗ್ಗವನ್ನು ಅವರು ಮುಟ್ಟುವುದಿಲ್ಲ, ಗಂಟು ಜಾರುತ್ತದೆ, ಚಿತೆಯ ಮೇಲೆ ಕರಗಿ ವಾಸನೆ ಬರುತ್ತದೆ. ಮೇಲೆ ಎರಡು ಮಡಲು ಹೆಣೆದು ಹಾಸುತ್ತಾರೆ. ಎಲ್ಲ ಮುಗಿದ ಮೇಲೆ ತಾವೇ ಒಮ್ಮೆ ಅದರ ನಡುವೆ ಮೊಣಕಾಲೂರಿ ಭಾರ ಬಿಟ್ಟು ನೋಡುತ್ತಾರೆ. ಸತ್ತವರ ಮೊಮ್ಮಗ ಒಬ್ಬ, ಬೆಂಗಳೂರಿನ ಹುಡುಗ, ಮೊಬೈಲಿನಲ್ಲಿ ಇದನ್ನೆಲ್ಲ ಚಿತ್ರೀಕರಿಸುತ್ತಿದ್ದ. ಗಾಡಿಯಣ್ಣ ಬೈಯಲಿಲ್ಲ. ‘ತಮ್ಮಾ, ಆ ತುದಿ ಹಿಡಿ’ ಎಂದರು. ಹುಡುಗ ಮೊಬೈಲು ಕಿಸೆಗೆ ಹಾಕಿ ಹಗ್ಗದ ತುದಿ ಹಿಡಿದ. ಸ್ಮಶಾನ ಮುಟ್ಟುವವರೆಗೆ ಅವನೇ ಮುಂದಿನ ಹೆಗಲು.

ಮಳೆಗಾಲದ ಮಾತೇ ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ, ಆರಿದ್ರ ಮಳೆಯ ಒಂದು ರಾತ್ರಿ ಒಬ್ಬರನ್ನು ಸುಡುವುದೆಂದರೆ ಭಕ್ತಿಗಿಂತ ಹೆಚ್ಚಾಗಿ ವಿದ್ಯೆಯ ಪ್ರಶ್ನೆ. ಒಂದು ಚಿತೆಗೆ ಮೂರು ನಾಲ್ಕು ಕ್ವಿಂಟಲ್ ಕಟ್ಟಿಗೆ ಬೇಕು. ಮೇಲಿನ ಕಟ್ಟಿಗೆ ತುಸು ಹಸಿಯಾದರೂ ನಡೆದೀತು, ತಳದ ಸಾಲು ಮಾತ್ರ ಒಣಗಿರಲೇಬೇಕು, ಅದರ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು. ಮನುಷ್ಯನ ದೇಹದಲ್ಲಿ ಎದೆಗೂಡು ಮತ್ತು ಸೊಂಟ ಕೊನೆಗೆ ಸುಡುವ ಭಾಗಗಳು. ಅವೆರಡರ ಅಡಿಗೆ ಅವರು ತೆಂಗಿನ ಕರಟ ತುಂಬುತ್ತಾರೆ, ಕರಟದ ಬೆಂಕಿ ಬಹಳ ಹೊತ್ತು ನಿಲ್ಲುತ್ತದೆ. ಇದಕ್ಕಾಗಿ ಬೇಸಿಗೆಯಿಡೀ ಕೊಬ್ಬರಿ ಮಾಡುವ ಮನೆಗಳಿಂದ ಕರಟ ಬೇಡಿ ಗೋಣಿಯಲ್ಲಿ ಕಟ್ಟಿಡುತ್ತಾರೆ. ಹಳೆಯ ಟಯರು ಹಾಕಿ ಸುಡುವ ರೂಢಿ ಕೆಲವೆಡೆ ಇದೆ. ಅದರ ಹೆಸರೆತ್ತಿದರೆ ಅವರಿಗೆ ಸಿಟ್ಟು ಬರುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಸ್ಮಶಾನಗಳಲ್ಲಿ ಹಾಕಿರುವ, ಸುಡುವ ಪೆಟ್ಟಿಗೆಯಂಥ ಸಿಲಿಕಾನ್ ಚೇಂಬರನ್ನು ಅವರು ಹೋಗಿ ನೋಡಿ ಬಂದಿದ್ದಾರೆ. ಕಟ್ಟಿಗೆ ಕಡಿಮೆ ಸಾಕಾಗುತ್ತದೆ, ಶಾಖ ಹೊರಗೆ ಚೆಲ್ಲುವುದಿಲ್ಲ, ನಮ್ಮಲ್ಲಿಯೂ ಬೇಕು ಎನ್ನುತ್ತಾರೆ. ಹಿರಿಯರೊಬ್ಬರು ‘ಪೆಟ್ಟಿಗೆಯೊಳಗೆ ಸುಟ್ಟರೆ ಶಾಸ್ತ್ರವಾಗುತ್ತದೆಯೇ?’ ಎಂದು ಕೇಳಿದ್ದಕ್ಕೆ, ‘ಅರ್ಧ ಸುಟ್ಟರೆ ಆಗುತ್ತದೆಯೇ?’ ಎಂದು ಇವರು ತಿರುಗಿ ಕೇಳಿದರಂತೆ.

ಮುಸಲ್ಮಾನರಿಗೂ ಕ್ರೈಸ್ತರಿಗೂ ಇವರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಮಯ್ಯತ್‌ಗೆ ಸ್ನಾನ ಮಾಡಿಸುವುದರಿಂದ ಹಿಡಿದು ಕಫನ್ ಬಟ್ಟೆ, ಜನಾಜಾ ನಮಾಜು, ಕಬರಿನ ತನಕ ಜಮಾತ್ ನೋಡಿಕೊಳ್ಳುತ್ತದೆ. ಚರ್ಚಿನ ಗಂಟೆ ಬಾರಿಸಿದರೆ ಉಳಿದದ್ದು ವಾಳೆಯವರ, ಅಂದರೆ ಚರ್ಚಿಗೆ ಸೇರಿದ ಆ ಕೇರಿಯವರ ಪಾಲಿಗೆ. ಅವರಲ್ಲಿ ಮನುಷ್ಯ ಸತ್ತರೆ ಕರೆ ಹೋಗುವುದು ಒಂದು ವ್ಯವಸ್ಥೆಗೆ. ನಮ್ಮ ಹಿಂದೂ ಜಾತಿಗಳಲ್ಲಿ ಅದು ಜಾತಿಗೂ ಕೇರಿಗೂ ಹಂಚಿಹೋಗಿತ್ತು, ಕೇರಿ ಖಾಲಿಯಾದಾಗ ಕೈಯಲ್ಲಿ ಏನೂ ಉಳಿಯಲಿಲ್ಲ. ಈ ವ್ಯತ್ಯಾಸವನ್ನು ನನಗೆ ತೋರಿಸಿಕೊಟ್ಟವರು ಗಾಡಿಯಣ್ಣನೇ. ಯಾವ ಮನೆಯಲ್ಲಿ ಸುಡುತ್ತಾರೆ, ಯಾವ ಮನೆಯಲ್ಲಿ ಹೂಳುತ್ತಾರೆ, ಲಿಂಗಾಯತರಿಗೆ ಕುಳ್ಳಿರಿಸುವಷ್ಟು ಆಳದ ಗುಂಡಿ ಬೇಕು, ಎಳೆಗೂಸನ್ನು ಸುಡುವುದಿಲ್ಲ, ಇವೆಲ್ಲ ಅವರ ಬಾಯಿಪಾಠ. ಹೆಂಗಸಿನ ದೇಹಕ್ಕೆ ನೀರು ಹಾಕಲು ಮಗಳಾಗಲಿ ಸೊಸೆಯಾಗಲಿ ಹತ್ತಿರವಿಲ್ಲದಿದ್ದರೆ ಅವರು ಬಾಗಿಲ ಹೊರಗೇ ನಿಂತು, ಆಶಾ ಕಾರ್ಯಕರ್ತೆಗೆ ಫೋನು ಮಾಡುತ್ತಾರೆ. ಅವಳು ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾಳೆ. ಅಲ್ಲಿಯವರೆಗೆ ಎಷ್ಟೇ ಅವಸರವಿದ್ದರೂ ಗಾಡಿ ಅಲುಗುವುದಿಲ್ಲ.

ಈಗ ನನ್ನ ಪಾಲಿನ ವಿಷಯಕ್ಕೆ, ಅಂದರೆ ಕಾಗದಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಕ್ಷಮಿಸಿ, ಗುಮಾಸ್ತನ ಚಟ.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು 21 ದಿನಗಳೊಳಗೆ ತಿಳಿಸಬೇಕು. 30 ದಿನ ಮೀರದಿದ್ದರೆ ಸಣ್ಣ ದಂಡ ಕಟ್ಟಿದರೆ ಆಯಿತು, ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮೊದಲು ನ್ಯಾಯಾಲಯಕ್ಕೆ ಹೋಗಬೇಕಿತ್ತು, 2023ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗಳ ಆದೇಶ ಬೇಕು. ಮನೆಯಲ್ಲಿ ಸತ್ತರೆ ತಿಳಿಸಬೇಕಾದವರು ಮನೆಯವರು, ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು. ನಮ್ಮವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ, ಬದುಕಿದ್ದ ಊರಿನಲ್ಲಿ ಅಲ್ಲ. ಮಣಿಪಾಲದಲ್ಲಿ ಸತ್ತ ಕುಮಟೆಯವರ ಪ್ರಮಾಣಪತ್ರಕ್ಕೆ ಕುಮಟೆಯಲ್ಲಿ ಅಲೆದರೆ ಸಿಗುವುದಿಲ್ಲ. ಗೋವಾದಲ್ಲಿ ಸತ್ತರೆ ರಾಜ್ಯವೇ ಬೇರೆ. ಇದು ಗೊತ್ತಿಲ್ಲದೆ ಮೂರು ಕಚೇರಿ ಸುತ್ತಿ, ನಾಲ್ಕನೆಯ ಕಚೇರಿಯಲ್ಲಿ ಬೈಗುಳ ತಿಂದು ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಾಡಿಯಣ್ಣ ಆಸ್ಪತ್ರೆಯ ಶವಾಗಾರದ ಎದುರು ಗಾಡಿ ನಿಲ್ಲಿಸಿದ ಕೂಡಲೇ ಕೇಳುವುದು ‘ಆಧಾರ್ ಕಾರ್ಡ್ ತಂದಿದ್ದೀರಾ?’ ಎಂದು. ಕಲ್ಲು ಮನಸ್ಸಿನ ಮನುಷ್ಯ ಎನಿಸುತ್ತದೆ. ಆದರೆ ಆಸ್ಪತ್ರೆಯ ನಮೂನೆಯಲ್ಲಿ ಹೆಸರು ಬರೆಯುವ ಗಳಿಗೆ ಅದೊಂದೇ, ಆಗ ತಪ್ಪಿದ ಅಕ್ಷರವನ್ನು ಆಮೇಲೆ ತಿದ್ದಿಸಲು ಎಷ್ಟು ಚಪ್ಪಲಿ ಸವೆಯಬೇಕೆಂದು ನನಗೆ ಗೊತ್ತು.

ಪಹಣಿಯಲ್ಲಿ ತಿಮ್ಮಣ್ಣ, ಆಧಾರಿನಲ್ಲಿ ತಿಮ್ಮಪ್ಪ, ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಟಿ. ಎಂಬ ಒಂದಕ್ಷರ. ಹೆಂಗಸರದು ಇನ್ನೂ ಕಷ್ಟ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯ ಮನೆಗಳಲ್ಲಿ ತವರಿನ ಜಮೀನಿನ ಕಾಗದದಲ್ಲಿ ಒಬ್ಬಳು, ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಎಂದು ಸತ್ತ ಮೇಲೆ ಸಾಬೀತು ಮಾಡಬೇಕು. ಪೌತಿ ಖಾತೆ ಬದಲಾಗದೆ ಅಜ್ಜನ ಹೆಸರಿನಲ್ಲೇ ಉಳಿದ ತೋಟಗಳು ನಮ್ಮ ತಾಲೂಕುಗಳಲ್ಲಿ ಊರೂರಿಗೆ ಇವೆ. ಬೆಳೆ ಸಾಲ ಸಿಗುವುದಿಲ್ಲ, ಪರಿಹಾರ ಬಂದರೂ ಕೈಗೆ ಹತ್ತುವುದಿಲ್ಲ. ದುಡಿಯುವವನು 60 ತುಂಬುವ ಮೊದಲೇ ಸತ್ತರೆ ಬಡ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಇದೆ ಎಂಬುದು ಎಷ್ಟು ಮನೆಗಳಿಗೆ ಗೊತ್ತು? ಗಾಡಿಯಣ್ಣನ ಪ್ಲಾಸ್ಟಿಕ್ ಚೀಲದಲ್ಲಿ ಆ ಅರ್ಜಿ ನಮೂನೆಯೂ ವಿಧವಾ ವೇತನದ ನಮೂನೆಯೂ ಮಡಚಿಟ್ಟಿರುತ್ತವೆ. ಹನ್ನೆರಡನೆಯ ದಿನ ಕಳೆದ ಮೇಲೆ ಅವರು ಆ ಮನೆಗೆ ಹೋಗಿ ಕೊಡುತ್ತಾರೆ. ಮೊದಲು ಕೊಟ್ಟರೆ ಯಾರ ತಲೆಗೂ ಹತ್ತುವುದಿಲ್ಲ, ತಿಂಗಳು ಬಿಟ್ಟರೆ ಮರೆತುಹೋಗುತ್ತದೆ ಎಂಬ ಲೆಕ್ಕ ಅವರದು. ಅಪ್ಪ ಸತ್ತ ಮರುದಿನ ಅಪ್ಪನ ಎಟಿಎಂ ಕಾರ್ಡ್ ಹಿಡಿದು ಹೊರಟ ಮಗನನ್ನು ದಾರಿಯಲ್ಲೇ ಅಡ್ಡ ಹಾಕಿ, ‘ಹಾಗೆ ಮಾಡಬೇಡ, ನಾಳೆ ನಿನ್ನ ತಂಗಿಯೇ ಕೇಸು ಹಾಕಿಯಾಳು’ ಎಂದು ಬುದ್ಧಿ ಹೇಳಿದ್ದೂ ಉಂಟು.

ಇನ್ನು ಮರಣೋತ್ತರ ಪರೀಕ್ಷೆ. ‘ಕೊಯ್ಯಿಸುವುದು’ ಎಂದರೆ ನಮ್ಮವರಿಗೆ ಸಾವಿನ ಮೇಲೊಂದು ಸಾವು. ತೆಂಗಿನ ಮರದಿಂದ ಬಿದ್ದವನು, ಹಾವು ಕಚ್ಚಿದವನು, ವಿದ್ಯುತ್ ತಗುಲಿದವನು, ಹೊಳೆಯಲ್ಲಿ ಮುಳುಗಿದವನು, ಇವೆಲ್ಲ ಅಸ್ವಾಭಾವಿಕ ಸಾವುಗಳು. ಪೊಲೀಸರಿಗೆ ತಿಳಿಸಿ ಪಂಚನಾಮೆ ಆಗಲೇಬೇಕು. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನ ಕೆಳಗೆ ಬರುತ್ತಿತ್ತು, 2024ರ ಜುಲೈ 1ರಿಂದ ಹೊಸ ಸಂಹಿತೆಯ 194. ನಾನು ಕಣ್ಣಾರೆ ಕಂಡ ಒಂದು ಮನೆಯ ಮಾತು ಹೇಳುತ್ತೇನೆ. ಅಡಿಕೆ ಕೊಯ್ಯಲು ಮರ ಹತ್ತಿದ್ದ ಯಜಮಾನ ಬಿದ್ದು ಅಲ್ಲೇ ಪ್ರಾಣ ಬಿಟ್ಟಿದ್ದ. ಅಂಗಳದಲ್ಲಿ ನೆಂಟರು, ‘ಹೃದಯ ನಿಂತಿತು ಎಂದರಾಯಿತು, ಸಂಜೆಯೊಳಗೆ ಮುಗಿಸಿಬಿಡೋಣ’ ಎಂದು ತೀರ್ಮಾನಿಸಿಯಾಗಿತ್ತು. ಗಾಡಿಯಣ್ಣ ಚಟ್ಟಕ್ಕೆ ಬಿದಿರು ಕಡಿಯುವುದನ್ನು ನಿಲ್ಲಿಸಿ ಸತ್ತವನ ಹೆಂಡತಿಯ ಎದುರು ಕುಕ್ಕರುಗಾಲಿನಲ್ಲಿ ಕೂತರು. ‘ಅಕ್ಕಾ, ಹೀಗೆ ಸುಟ್ಟರೆ ಮರದಿಂದ ಬಿದ್ದರು ಎನ್ನಲು ನಿನ್ನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ವಿಮೆಯವರು ಕೇಳುವುದು ಅದನ್ನೇ. ನಾನು ಜೊತೆಗೆ ಹೋಗುತ್ತೇನೆ, ಹೊಲಿದು, ತೊಳೆದು, ಬಟ್ಟೆ ಸುತ್ತಿ ತರುತ್ತೇನೆ. ನೀನು ನೋಡುವಾಗ ಮುಖ ಹೀಗೆಯೇ ಇರುತ್ತದೆ’ ಎಂದರು. ನೆಂಟರು ಗದರಿದರು. ಹೆಂಡತಿ ಮಾತಾಡಲಿಲ್ಲ, ತಲೆಯಾಡಿಸಿದಳು. ಆ ದಿನ ಸಂಜೆಯ ಬದಲು ಮರುದಿನ ಮಧ್ಯಾಹ್ನ ಬೆಂಕಿ ಬಿತ್ತು. ವಿಮೆಯ ಹಣ ಬಂದದ್ದು ನನಗೆ ಗೊತ್ತು, ಅವಳ ಅರ್ಜಿಗೆ ಬೇಕಾದ ದಾಖಲೆ ನಮ್ಮ ಕಚೇರಿಯಿಂದಲೇ ಹೋಗಿತ್ತು. ಅಂಗಳದಲ್ಲಿ ಅಂದು ಸಾಂತ್ವನ ಹೇಳುವವರು ನಲವತ್ತು ಜನ ಇದ್ದರು. ಗೊತ್ತಿದ್ದವರು ಒಬ್ಬರು.

ಕಣ್ಣಿನ ದಾನದ ವಿಷಯದಲ್ಲೂ ಹೀಗೆಯೇ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆಯ ಕೆಳಗೆ ದಿಂಬಿಡಬೇಕು. ಫ್ಯಾನ್ ಆರಿಸಿ ಎಂದು ಹೇಳುವವರೊಬ್ಬರು ಆ ಮನೆಯಲ್ಲಿರಬೇಕು, ಅಷ್ಟೇ.

ಗಲ್ಫಿನಿಂದ ಬರುವ ಶವಗಳದು ಬೇರೆಯೇ ಕಥೆ. ಅಲ್ಲಿನ ಪೊಲೀಸರ ಅನುಮತಿ, ಮರಣಪತ್ರ, ಶವ ಕೆಡದಂತೆ ಔಷಧ ತುಂಬಿದ ಪ್ರಮಾಣಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟ್. ಇವಿಷ್ಟೂ ಸೇರಿದ ಮೇಲೆ ಗೋವಾ ಅಥವಾ ಮಂಗಳೂರಿನ ಸರಕು ವಿಭಾಗದ ಬಾಗಿಲಲ್ಲಿ ಪೆಟ್ಟಿಗೆ ಸಿಗುತ್ತದೆ. ಮನುಷ್ಯನನ್ನು ತೂಕ ಹಾಕಿ ರಸೀದಿ ಕೊಡುವ ಆ ಬಾಗಿಲಿಗೆ ತಂದೆಯನ್ನಾಗಲಿ ಹೆಂಡತಿಯನ್ನಾಗಲಿ ಅವರು ಕರೆದೊಯ್ಯುವುದಿಲ್ಲ. ಭಾವನನ್ನೋ ಗೆಳೆಯನನ್ನೋ ಸಹಿಗೆ ಕರೆದೊಯ್ಯುತ್ತಾರೆ.

ಶವವೇ ಸಿಗದಿದ್ದರೆ? ಕಡಲ ತೀರದವರಾದ ನಮಗೆ ಇದು ದೂರದ ಪ್ರಶ್ನೆಯಲ್ಲ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಹತ್ತಿರ ಮಗುಚಿದಾಗ, ಕೆಲವು ದೇಹಗಳಿಗಾಗಿ ದಂಡೆಯಲ್ಲಿ ದಿನಗಟ್ಟಲೆ ಕಾಯಬೇಕಾಯಿತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ಚಹಾದಂಗಡಿಯನ್ನೂ ಲಾರಿಗಳನ್ನೂ ಗಂಗಾವಳಿಗೆ ದೂಡಿತು. ಕೇರಳದ ಲಾರಿ ಚಾಲಕನ ದೇಹ ಕ್ಯಾಬಿನ್ನಿನೊಳಗೇ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜ್ಜರ್ ತರಿಸಿದ ಮೇಲೆ. ಗುರುತಿಗೆ ಡಿಎನ್‌ಎ ಪರೀಕ್ಷೆ ಬೇಕಾಯಿತು. ಇಬ್ಬರು ಸ್ಥಳೀಯರಿಗಾಗಿ ಹುಡುಕಾಟ ಆಮೇಲೂ ನಡೆಯಿತು. ಏಳು ವರ್ಷ ಸುಳಿವಿಲ್ಲದವನು ಸತ್ತನೆಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾಯ್ದೆ, ಹಳೆಯದರಲ್ಲಿ 108ನೇ ಕಲಂ, ಹೊಸದರಲ್ಲಿ 111. ದೊಡ್ಡ ದುರಂತಗಳಲ್ಲಿ ಸರ್ಕಾರ ಬೇಗನೆ ಬೇರೆ ದಾರಿ ಮಾಡುವುದುಂಟು. ಶಾಸ್ತ್ರದಲ್ಲೂ ದಾರಿಯಿದೆ: ಮುತ್ತುಗದ 360 ಎಲೆದೊಟ್ಟುಗಳಿಂದ ಮನುಷ್ಯಾಕೃತಿ ಮಾಡಿ ಸುಡುವ ಪಾಲಾಶ ವಿಧಿ.  ಆದರೆ ಅದಕ್ಕೆ ಒಪ್ಪಿಗೆ ಕೊಡಬೇಕಾದ ತಾಯಿಗೆ ಎರಡೂ ಒಂದೇ, ಇನ್ನೊಂದು ವಾರ ನೋಡೋಣ ಎನ್ನುತ್ತಾಳೆ. ಗಾಡಿಯಣ್ಣ ಇಂಥ ಮನೆಗಳಲ್ಲಿ ಯಾವ ಸಲಹೆಯನ್ನೂ ಕೊಡುವುದಿಲ್ಲ. ಕೇಳಿದರೆ, ‘ನನ್ನ ಗಾಡಿಗೆ ಕೆಲಸವಿಲ್ಲದ ಮನೆ ಅದು’ ಎನ್ನುತ್ತಾರೆ.

ಇದಕ್ಕೆ ತದ್ವಿರುದ್ಧವೂ ಇದೆ: ದೇಹ ಇದೆ, ಮನೆ ಗೊತ್ತಿಲ್ಲ. ಕಡಲು ದಂಡೆಗೆ ತಂದು ಹಾಕಿದವರು, ರೈಲು ನಿಲ್ದಾಣದ ಬೆಂಚಿನ ಮೇಲೆ ಮಲಗಿದಲ್ಲೇ ಉಳಿದವರು. ಪೊಲೀಸರು ಫೋಟೋ ತೆಗೆದು, ಪ್ರಕಟಣೆ ಕೊಟ್ಟು ಕಾಯುತ್ತಾರೆ. ಯಾರೂ ಬರದಿದ್ದರೆ ಹೂಳುವುದು. ನಾಳೆ ಯಾರಾದರೂ ಹುಡುಕಿಕೊಂಡು ಬಂದರೆ ತೆಗೆದು ತೋರಿಸಬೇಕಾದೀತು, ಆದ್ದರಿಂದ ಸುಡುವಂತಿಲ್ಲ. ಅಂಥ ಗುಂಡಿಗಳ ತಲೆಯ ಕಡೆ ಗಾಡಿಯಣ್ಣ ಒಂದು ಕೆಂಪುಕಲ್ಲು ನಿಲ್ಲಿಸಿ, ಠಾಣೆಯ ಪ್ರಕರಣ ಸಂಖ್ಯೆಯನ್ನು ಬಣ್ಣದಲ್ಲಿ ಬರೆಯುತ್ತಾರೆ. ಮಳೆಗೆ ಬಣ್ಣ ಹೋಗುತ್ತದೆ, ದಸರೆಯ ಹೊತ್ತಿಗೆ ಮತ್ತೆ ಬರೆಯುತ್ತಾರೆ. ಇದಕ್ಕೆ ಯಾರೂ ಹೇಳಿಲ್ಲ, ಹಣವೂ ಇಲ್ಲ.

ಕೇರಿಯ ಬಗ್ಗೆ ಇನ್ನೊಂದು ಮಾತು ಬಾಕಿ ಇತ್ತು. ನಾವೆಲ್ಲ ಕೈಜೋಡಿಸಿ ಮಾಡುತ್ತಿದ್ದೆವು ಎಂದು ಹೇಳಿಕೊಳ್ಳುವ ಆ ಕಾಲದಲ್ಲಿ ಗುಂಡಿ ತೋಡುವವರು, ಸ್ಮಶಾನ ಕಾಯುವವರು ಯಾವ ಜಾತಿಯವರಾಗಿದ್ದರು, ಊಟಕ್ಕೆ ಅವರನ್ನು ಎಲ್ಲಿ ಕೂರಿಸುತ್ತಿದ್ದೆವು ಎಂಬುದನ್ನು ನಾವು ಹೇಳುವುದಿಲ್ಲ. ಜಾತಿಗೊಂದು ಸ್ಮಶಾನ ಇಟ್ಟುಕೊಂಡ ಊರುಗಳು ಈಗಲೂ ಇವೆ. ಗಾಡಿಯಣ್ಣ ಆ ಜಾತಿಯವರಲ್ಲ. ಆದರೂ ಕಸುಬು ಅವರನ್ನು ಅದೇ ಜಗಲಿಯ ಹೊರಗೆ ನಿಲ್ಲಿಸಿದೆ. ರಾತ್ರಿ ಎರಡು ಗಂಟೆಗೆ ಫೋನು ಮಾಡುವವರೇ ಹಗಲು ‘ಗಾಡಿ ನಮ್ಮ ಗೇಟಿನೆದುರು ನಿಲ್ಲಿಸಬೇಡಿ’ ಎನ್ನುತ್ತಾರೆ. ಮದುವೆಯ ಕರೆಯೋಲೆ ಬರುತ್ತದೆ, ಮದುವೆಗೆ ಮಾತ್ರ ಇವರು ಬರಲಾರರೆಂಬ ನಂಬಿಕೆಯಿಂದ. ಅವರ ಮಗಳ ಸಂಬಂಧ ಮಾತಿಗೆ ಬಂದಾಗ ಗಂಡಿನ ಕಡೆಯವರು ತಂದೆಯ ಉದ್ಯೋಗ ಕೇಳಿದರಂತೆ. ‘ಟ್ರಾನ್ಸ್‌ಪೋರ್ಟ್’ ಎಂದು ಮಗಳೇ ಉತ್ತರ ಕೊಟ್ಟಳಂತೆ. ಇದನ್ನು ಅವರು ನಗುತ್ತಾ ಹೇಳಿದರು, ನನಗೆ ನಗು ಬರಲಿಲ್ಲ.

ದುಡ್ಡಿನ ಬಗ್ಗೆ ಕುತೂಹಲ ಇರುವವರಿಗೆ ಒಂದು ಮಾತು. ಅವರು ಪುಕ್ಕಟೆ ಮಾಡುವುದಿಲ್ಲ. ಪುಣ್ಯದ ಲೆಕ್ಕದಲ್ಲಿ ಯಾರೂ ಡೀಸೆಲ್ ಕೊಡುವುದಿಲ್ಲ. ದರವನ್ನು ಗಾಡಿಯ ಬಾಗಿಲ ಒಳಬದಿಗೆ ಕನ್ನಡದಲ್ಲಿ ಬರೆಸಿದ್ದಾರೆ, ಸಾವಿನ ಮನೆಯವರು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ ದರ ಹೇಳುವವನೇ ಮೊದಲು ಕೈಕಟ್ಟಿಕೊಳ್ಳಬೇಕು ಎಂಬುದು ಅವರ ವಾದ. ಕೊಡಲಾಗದವರ ಹತ್ತಿರ ಕೇಳುವುದಿಲ್ಲ. ಕೊಡಬಲ್ಲವರು ಕೊಡದೆ ಹೋದದ್ದೂ ಇದೆ, ಆ ಪಟ್ಟಿಯಲ್ಲಿ ಈ ಸಭೆಯಲ್ಲಿ ಕೂತಿರುವ ಒಂದೆರಡು ಮನೆಯವರೂ ಇದ್ದಾರೆಂದು ನನ್ನ ಗುಮಾನಿ. ಕೊರೋನಾ ಕಾಲದ ಬಾಕಿಯೂ ಇನ್ನೂ ತೀರಿಲ್ಲ. ಆ ಕಾಲದ ಬಗ್ಗೆ ಅವರು ಮಾತನಾಡುವುದಿಲ್ಲ, ನಾನೂ ಕೆದಕಿಲ್ಲ.

ಅವರಿಗೀಗ ವಯಸ್ಸಾಯಿತು, ಸೊಂಟ ನೋವು. ಆಟೋ ಸ್ಟ್ಯಾಂಡಿನ ಹುಡುಗನೊಬ್ಬ ಗಾಡಿ ಓಡಿಸಲು ಕಲಿತಿದ್ದಾನೆ, ಚಟ್ಟ ಕಟ್ಟುವುದು ಇನ್ನೂ ಕೈಗೆ ಹತ್ತಿಲ್ಲ. ನಾನು ಆಗಲೇ ಹೇಳಿದ ಆಶಾ ಕಾರ್ಯಕರ್ತೆ ಕಾಗದದ ಕೆಲಸ ಕಲಿಯುತ್ತಿದ್ದಾಳೆ. ಕಲಿಸುವವನು ನಾನು, ಆದ್ದರಿಂದ ಅಕ್ಷರ ತಪ್ಪಿದರೆ ಬೈಗುಳ ಸಿಗುತ್ತದೆ. ಒಬ್ಬ ಮನುಷ್ಯನ ತಲೆಯಲ್ಲಿರುವುದನ್ನು ಮೂರು ನಾಲ್ಕು ಜನರಿಗೆ ಹಂಚದಿದ್ದರೆ, ಸೊಂಟ ನೋವು ಒಂದು ವಾರ ಜೋರಾದರೂ ಈ ಊರಿನ ಹೆಣ ಕಾಯಬೇಕಾಗುತ್ತದೆ. ಇನ್ನೂ ಇಬ್ಬರು ಬೇಕು. ಜಾತಿ ಕೇಳುವುದಿಲ್ಲ, ರಾತ್ರಿ ಫೋನು ಎತ್ತಿದರೆ ಸಾಕು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಸ್ಮಶಾನದ ಛಾವಣಿಯ ಪಡುವಣ ಬದಿಯ ನಾಲ್ಕು ತಗಡು ಹೋದ ವರ್ಷದ ಗಾಳಿಗೆ ಎದ್ದು ಹೋಗಿವೆ, ಅದರಡಿಯೇ ಕಟ್ಟಿಗೆಯ ರಾಶಿ ಇರುವುದು. ಕಟ್ಟಿಗೆಗೆ ನೆಲದಿಂದ ಎರಡು ಅಡಿ ಎತ್ತರದ ಕಟ್ಟೆಯೂ ಆಗಬೇಕು, ಇಲ್ಲದಿದ್ದರೆ ತಳದ ಸಾಲು ಗೆದ್ದಲಿನ ಪಾಲು. ಮಿರ್ಗ ಮಳೆ ಹಿಡಿಯುವುದರೊಳಗೆ ಎರಡೂ ಮುಗಿಯಬೇಕು. ತಗಡು ಕೊಡುವವರು, ಒಂದು ದಿನ ಮೈಮುರಿದು ದುಡಿಯುವವರು, ಹಿತ್ತಿಲಲ್ಲಿ ಬಿದ್ದ ಮಾವಿನ ಮರ ಇರುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಹೆಸರು ಬರೆದುಕೊಳ್ಳಲು ಪುಸ್ತಕ ತಂದಿದ್ದೇನೆ.